ಮುಚ್ಚುವುದು, ಮುಚ್ಚಿಹಾಕುವುದು

ಜನ್ನಾಪುರ, ಭದ್ರಾವತಿ
10-9-1998, ಗುರುವಾರ

ಗೆಳೆಯ ಭೂತಪ್ಪನಿಗೆ ಹಿರಿಯಣ್ಣ ಮಾಡುವ ನಮಸ್ಕಾರ.

ನಾವೆಲ್ಲ ಆರೋಗ್ಯವಾಗಿದ್ದೇವೆ. ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯದೆ ಕೂತವನು ನಾನು, ಬೈದುಕೋ ಮಾರಾಯ. ಬಸ್ಸು ಹತ್ತಿದರೆ ಮುಕ್ಕಾಲು ಗಂಟೆಯಲ್ಲಿ ಗಾಂಧಿ ಬಜಾರಿಗೆ ಬಂದು, ನಿನ್ನ ತಮ್ಮನ ಬಟ್ಟೆ ಅಂಗಡಿಯಲ್ಲಿ ನಿನ್ನ ಪಕ್ಕ ಕೂರಬಹುದು. ಆದರೆ ಈ ಸಂಗತಿಯನ್ನು ಎದುರು ಕೂತು ಹೇಳುವುದು ನನ್ನಿಂದಾಗದು.

ಭಾನುವಾರ ಬೆಳಿಗ್ಗೆ ನಮ್ಮ ಎರಕದ ಶೆಡ್ಡಿನ ಸೂಪರ್‌ವೈಸರ್ ಗುರುಪ್ರಸಾದ್ ಮನೆಗೆ ಬಂದಿದ್ದರು. ಹನ್ನೆರಡು ವರ್ಷದಲ್ಲಿ ಇದೇ ಮೊದಲು. ಕೈಯಲ್ಲಿ ಒಂದು ಚಿಪ್ಪು ಬಾಳೆಹಣ್ಣು. ನನ್ನ ಹೆಂಡತಿ ಈಶ್ವರಮ್ಮ ಒಳಗಿನಿಂದಲೇ, "ಯಾರ್ರೀ ಅದು, ಹೆಣ್ಣು ನೋಡೋಕೆ ಬಂದೋರ ಥರ ಹಣ್ಣು ಹಿಡ್ಕೊಂಡು?" ಅಂದಳು. ಅವರಿಗೂ ಕೇಳಿಸಿತು. ನಕ್ಕರು. ಕಾಫಿ ಮಾತ್ರ ಮುಟ್ಟಲಿಲ್ಲ.

"ಭೂತಪ್ಪ ಕಾಗ್ದ ಬರೀತಾನಾ? ಬಿದ್ದ ದಿನದ್ ವಿಷ್ಯ ಏನಾದ್ರೂ ಕೇಳ್ತಾನಾ?" ಎಂದರು.

"ಕಾಲು ನೋವು ಅಂತ ಬರೀತಾನೆ ಸಾರ್. ಇಲ್ದಿರೋ ಕಾಲು."

"ಮುಂದಿನ ವಾರ ಸೋಮವಾರ ಅವನ ಹತ್ರ ಹೋಗ್ತೀನಿ. ಒಂದ್ ಸೈನ್ ಅಷ್ಟೆ, ಫಾರ್ಮಾಲಿಟಿ. ನೀನೂ ಒಂದ್ ಮಾತು ಹೇಳಿಡು."

ಎರಡು ವರ್ಷ ಇಲ್ಲದ ಫಾರ್ಮಾಲಿಟಿ ಈಗ ಎಲ್ಲಿಂದ ಬಂತು? ಶೆಡ್ಡಿನಲ್ಲಿ ಮೆಲ್ಲಗೆ ವಿಚಾರಿಸಿದೆ. ನಿನ್ನ ಕಾಲು ಹೋದದ್ದನ್ನು ಮತ್ತೆ ತನಿಖೆ ಮಾಡಲು ಸರ್ಕಾರದವರು ಬರುತ್ತಾರಂತೆ. ಅವರು ಬರುವ ಮೊದಲೇ, ನಿನ್ನ ಅಜಾಗರೂಕತೆಯಿಂದಲೇ ಗುಂಡಿಗೆ ಬಿದ್ದೆ ಎಂದು ನಿನ್ನ ಕೈಯಲ್ಲೇ ಬರೆಸಿಕೊಳ್ಳಬೇಕಂತೆ.

ಇನ್ನೊಂದು ಕೇಳು. ಮಗಳು ಇಂಪನಾ ಈಗ ಒಂಬತ್ತನೇ ಕ್ಲಾಸು. ಮೊನ್ನೆ ಜೋರಾಗಿ ಇಂಗ್ಲಿಷ್ ಪಾಠ ಓದುತ್ತಿದ್ದಳು. "ಕವರ್ ಅಪ್, ಕವರ್ ಅಪ್." ಊಟಕ್ಕೆ ಕೂತಿದ್ದ ನಾನು ಕೈ ತೊಳೆದು ಎದ್ದುಬಿಟ್ಟೆ.

ಆ ದಿನ ಶೆಡ್ಡಿಗೆ ಇನ್‌ಸ್ಪೆಕ್ಷನ್ ಇತ್ತಲ್ಲ, ಗುಂಡಿಯ ಮುಚ್ಚಳ ಒಡೆದಿತ್ತು. ಗುರುಪ್ರಸಾದ್ "ಕವರ್ ಅಪ್ ಮಾಡ್ರೋ, ಬೇಗ ಕವರ್ ಅಪ್!" ಎಂದು ಕೂಗಿದ್ದರು. ನೀನಿನ್ನೂ ಸ್ಟೋರಿನಲ್ಲಿದ್ದೆ. ನಮಗೆ ಗೊತ್ತಿದ್ದದ್ದು ಅಂಚೆ ಕವರು, ತರಕಾರಿ ಕವರು. ಮುಚ್ಚಿ ಅಂತಿದ್ದಾರೆ, ಒಳ್ಳೆಯದಕ್ಕೇ ಇರಬೇಕು ಎಂದುಕೊಂಡೆವು. ಗುಂಡಿಯ ಮೇಲೆ ಟಾರ್ಪಾಲು ಬಿತ್ತು. ನೀನು ಅಚ್ಚಿನ ಪೆಟ್ಟಿಗೆ ಹೊತ್ತು ಅದರ ಮೇಲೆಯೇ ನಡೆದು ಬಂದೆ.

"ಕವರ್ ಅಪ್ ಅಂದ್ರೆ ಮುಚ್ಚೋದು ತಾನೇ?" ಎಂದು ಮಗಳನ್ನು ಕೇಳಿದೆ.

"ಬರೀ ಮುಚ್ಚೋಕೆ ಕವರ್ ಸಾಕಪ್ಪ. ಬೆಚ್ಚಗೆ ಹೊದ್ಕೊಳ್ಳೋದಕ್ಕೂ ಕವರ್ ಅಪ್ ಅಂತಾರೆ. ಆದ್ರೆ ತಪ್ಪಿನ ವಿಷ್ಯದಲ್ಲಿ ಹಂಗಂದ್ರೆ, ಯಾರಿಗೂ ಗೊತ್ತಾಗದಂಗೆ ಮುಚ್ಚಿಹಾಕೋದು. ಸತ್ಯಭಾಮಾ ಮಿಸ್ ಹೇಳಿದ್ರು. ಯಾಕಪ್ಪ, ಈ ವಯಸ್ಸಲ್ಲಿ ಪರೀಕ್ಷೆ ಕಟ್ತೀಯಾ?"

ನಮ್ಮಲ್ಲೂ ಹಾಗೇ ಅಲ್ಲವೇ? ಹಾಲಿನ ಪಾತ್ರೆ ಮುಚ್ಚಿದೆ ಎನ್ನುತ್ತೇವೆ, ಮುಚ್ಚಿಹಾಕಿದೆ ಎನ್ನುವುದಿಲ್ಲ. ಯಾರೂ ಗುಂಡಿಗೆ ಬೀಳದಿರಲಿ ಎಂದಲ್ಲ ಮಾರಾಯ, ಬಂದವರ ಕಣ್ಣಿಗೆ ಗುಂಡಿ ಬೀಳದಿರಲಿ ಎಂದು ಅವರು ಕೂಗಿದ್ದು.

ಬರುವ ಸೋಮವಾರ ಸೈನ್ ಹಾಕಬೇಡ. ಕನ್ನಡಕ ಒಡೆದಿದೆ ಅನ್ನು, ಜ್ವರ ಅನ್ನು, ಏನಾದರೂ ಅನ್ನು. ಗುರುಪ್ರಸಾದ್ ಆ ದಿನ ಕೂಗಿದ್ದನ್ನು ತನಿಖೆಗೆ ಬಂದವರ ಮುಂದೆ ನಾನು ಹೇಳುತ್ತೇನೆ.

ಅತ್ತಿಗೆ ಚಿನ್ನಮ್ಮನವರಿಗೆ ನಮಸ್ಕಾರ ತಿಳಿಸು. ನಿನ್ನ ಮಗ ಧರ್ಮೇಂದ್ರನಿಗೆ ಆಶೀರ್ವಾದ. ಪಿಯುಸಿ ಒಂದು ಚೆನ್ನಾಗಿ ಮುಗಿಸಲಿ.

ಇಂತಿ ನಿನ್ನವ,
ಹಿರಿಯಣ್ಣ

ತಾ.ಕ.: ಟಾರ್ಪಾಲು ಬಿತ್ತು ಎಂದು ಬರೆದಿದ್ದೇನೆ. ತಾನಾಗಿ ಬೀಳಲಿಲ್ಲ. ಹಾಸಿದವನು ನಾನು, ನಾಲ್ಕು ಮೂಲೆಗೂ ಇಟ್ಟಿಗೆ ಇಟ್ಟವನೂ ನಾನೇ. ತನಿಖೆಯಲ್ಲಿ ಇದನ್ನೂ ಹೇಳುತ್ತೇನೆ, ನಿನಗೆ ಮೊದಲು ತಿಳಿಯಲಿ. ಆಸ್ಪತ್ರೆಯಲ್ಲಿ ನೀನು "ನಂಗೇ ಕಣ್ ಕಾಣ್ಲಿಲ್ಲ ಕಣೋ" ಅಂದಾಗ, ಹೌದು ಎಂದು ತಲೆಯಾಡಿಸಿದ್ದೆ. ಇಂಗ್ಲಿಷ್ ನನಗೆ ಬರುತ್ತಿರಲಿಲ್ಲ, ನಿಜ. ಆದರೆ ನೀನು ಆಡಿದ್ದು ಕನ್ನಡ.