ಬಾಗಿಲು ದಾಟದೆ ಬೆಲೆ ಕಟ್ಟಿದ ವ್ಯಾನಿನ ಬಗ್ಗೆ

"ಒಳಗಿರೋದೆಲ್ಲ ಬಿಚ್ಚಿಸ್ಕೊಂಡು ಬನ್ನಿ, ಆಮೇಲೆ ನೋಡೋಣ" ಎಂದಿರೋ, ಅಥವಾ "ಆಮೇಲೆ ನೋಡೋಣ, ಮೊದ್ಲು ಒಳಗಿರೋದನ್ನ ಬಿಚ್ಚಿಸಿ" ಎಂದಿರೋ, ಈಗ ಖಚಿತವಾಗಿ ನೆನಪಿಲ್ಲ, ಮಾನ್ಯ ವಾಹನ ಮೌಲ್ಯಮಾಪನಾಧಿಕಾರಿಗಳೇ. ನಿಮ್ಮ ಕಿಟಕಿಯ ಗಾಜಿನಲ್ಲಿ ಮಾತಿಗೆಂದು ಕೊರೆದ ತೂತು ನನ್ನ ಎದೆಗಿಂತ ಕೆಳಗಿದೆ. ಬಾಗಿ ಬಾಯಿ ಕೊಟ್ಟರೆ ಕಿವಿಗೆ ಜಾಗವಿಲ್ಲ, ಕಿವಿ ಕೊಟ್ಟರೆ ಬಾಯಿಗಿಲ್ಲ. ಅವತ್ತು ಕಿವಿ ಕೊಟ್ಟಿದ್ದೆ. ಆದ್ದರಿಂದ ಬಾಯಿಯ ಪಾಲಿನ ಮಾತನ್ನು ಇಲ್ಲಿ, ಎಲ್ಲರೂ ಓದುವ ಜಾಗದಲ್ಲಿ, ನೆಟ್ಟಗೆ ಕೂತು ಆಡುತ್ತಿದ್ದೇನೆ. ದೂರು ಇಷ್ಟೇ: ನಾವು ಕೊಂಡ ಹಳೆಯ ಕ್ಯಾಂಪರ್ ವ್ಯಾನಿನ ಒಳಗೆ ಒಂದು ಕಾಲನ್ನೂ ಇಡದೆ ನೀವು ಅದಕ್ಕೆ ಗುಜರಿಯ ಬೆಲೆ ಕಟ್ಟಿದ್ದೀರಿ. ಅದು ನಮ್ಮ ಹೆಸರಿಗಾಗಬೇಕಾದರೆ ಒಳಗಿನ ಮಂಚ, ಒಲೆ, ಕಪಾಟುಗಳನ್ನೆಲ್ಲ ಕಿತ್ತು, ಬರೀ ಡಬ್ಬಿ ಮಾಡಿ ತರಬೇಕು ಎಂದಿದ್ದೀರಿ. ಮನೆಗೆ ಬೆಲೆ ಕಟ್ಟಲು ಬಂದವರು ಮೊದಲು ಮನೆ ಕೆಡವಿ ಎನ್ನುವುದು ಯಾವ ಸೀಮೆಯ ಶಾಸ್ತ್ರ ಸ್ವಾಮಿ?

ನನ್ನದು ಕನ್ನಡಕದ ಅಂಗಡಿ. ದಿನವಿಡೀ ಮಬ್ಬು ಕೋಣೆಯಲ್ಲಿ ಕೂತು, ಬಂದವರ ಕಣ್ಣ ಮುಂದೆ ಗಾಜು ಬದಲಿಸುತ್ತ, "ಇದು ಚೆನ್ನಾಗಿದೆಯೋ, ಇದೋ?" ಎಂದು ಕೇಳುವುದು ನನ್ನ ಕೆಲಸ. ಜನ ಉತ್ತರ ಹೇಳಲು ಹೆದರುತ್ತಾರೆ. ಸರಿಯುತ್ತರ ಎಲ್ಲೋ ನನ್ನ ಮೇಜಿನ ಡ್ರಾಯರಿನಲ್ಲಿ ಇದೆಯೆಂದೂ ತಾವು ತಪ್ಪು ಹೇಳಿ ಸಿಕ್ಕಿಬೀಳುತ್ತೇವೆಂದೂ ಅವರ ಅಂದಾಜು. ಗಾಜಿಗೆ ತನ್ನದೇ ಆದ ಸರಿ ಇಲ್ಲ, ಅದರ ಹಿಂದೆ ಒಂದು ಕಣ್ಣು ಬಂದು ನಿಲ್ಲಬೇಕು ಎಂದು ಎಷ್ಟು ಹೇಳಿದರೂ ನಂಬುವುದಿಲ್ಲ. ಇಷ್ಟು ವರ್ಷ ಇದನ್ನೇ ಹೇಳುತ್ತ ಬಂದ ನಾನು ಹಳೆಯ ವ್ಯಾನು ಹುಡುಕುತ್ತ ಹೊರಟಾಗ ಮಾತ್ರ, ಸರಿಯುತ್ತರ ಯಾರದೋ ಡ್ರಾಯರಿನಲ್ಲಿ ಇದ್ದೇ ಇರುತ್ತದೆ ಎಂದುಕೊಂಡಿದ್ದೆ. ಆ ಡ್ರಾಯರು ನಿಮ್ಮದು ಎಂದು ಈಗ ತಿಳಿಯಿತು.

ವ್ಯಾನು ಯಾಕೆ ಬೇಕಾಯಿತು ಎಂದು ನೀವು ಕೇಳಲಿಲ್ಲ. ಕೇಳದಿದ್ದರೂ ಹೇಳುತ್ತೇನೆ. ನಮ್ಮ ಮನೆಯಲ್ಲಿ ನಾನು, ಹೆಂಡತಿ, ಮಗಳು, ಮತ್ತು ನನ್ನ ಅತ್ತೆ, ಅಂದರೆ ಹೆಂಡತಿಯ ತಾಯಿ. ಅತ್ತೆ ಮನೆಯಲ್ಲಿರುವಾಗ ನಮ್ಮೆಲ್ಲರಿಗಿಂತ ಗಟ್ಟಿ. ಪತ್ರಿಕೆ ಓದಿ ಅದರಲ್ಲಿ ಬಂದವರನ್ನೆಲ್ಲ ಬೈಯುತ್ತಾರೆ, ನನ್ನ ಅಂಗಿಯ ಇಸ್ತ್ರಿಯನ್ನು ಟೀಕಿಸುತ್ತಾರೆ. ಆದರೆ ಹೊಸ ಕೋಣೆಯಲ್ಲಿ ಮಲಗಿ ಎದ್ದರೆ ಬಾಗಿಲು ಯಾವ ಕಡೆ ಎಂಬುದು ಅವರಿಗೆ ತಪ್ಪಿಹೋಗುತ್ತದೆ. ಒಮ್ಮೆ ಹೋಟೆಲಿನಲ್ಲಿ ಮಧ್ಯಾಹ್ನದ ನಿದ್ದೆಯಿಂದೆದ್ದು ಬಟ್ಟೆಯ ಕಪಾಟು ತೆರೆದು ನಿಂತಿದ್ದರು. "ಕಟ್ಟಿದವನಿಗೆ ಬುದ್ಧಿ ಬೇಡ್ವಾ? ಬಾಗಿಲಾಚೆ ಗೋಡೆ ಇಟ್ಟಿದಾನೆ" ಎಂದರು. ನಾವೆಲ್ಲ ನಕ್ಕೆವು. ಅವರೂ ನಕ್ಕರು. ಆದರೆ ಕಪಾಟಿನ ಹಿಡಿಯನ್ನು ಮಾತ್ರ ನಾವು ಬಿಡಿಸುವವರೆಗೆ ಅವರು ಬಿಡಲಿಲ್ಲ. ಆ ಮೇಲೆ ಅವರು ಯಾವ ಪ್ರವಾಸಕ್ಕೂ ಬರಲೊಪ್ಪಲಿಲ್ಲ.

ಅಂದಿನಿಂದ ನಮ್ಮದು ಪಾಳಿಯ ಪ್ರವಾಸ. ಸಮುದ್ರಕ್ಕೆ ನಾನು ಮತ್ತು ಮಗಳು. ಬೆಟ್ಟಕ್ಕೆ ಹೆಂಡತಿ ಮತ್ತು ಮಗಳು. ಇನ್ನೊಬ್ಬರು ಅತ್ತೆಯ ಜೊತೆ ಮನೆಯಲ್ಲಿ. ಶಾಲೆಯಲ್ಲಿ ರಜೆಯ ಫೋಟೋಗಳನ್ನು ತರಲು ಹೇಳಿದ್ದರು. ಮಗಳು ಬಂದು, "ಅಪ್ಪ, ಟೀಚರ್ ಮೆತ್ತಗೆ ಪಕ್ಕಕ್ಕೆ ಕರ್ದು, ಮನೇಲಿ ಅಪ್ಪ ಅಮ್ಮ ಮಾತಾಡ್ತಾರಾ ಪುಟ್ಟಾ ಅಂತ ಕೇಳಿದ್ರು" ಎಂದಳು.

"ನೀನೇನಂದೆ?"

"ತುಂಬಾ ಮಾತಾಡ್ತಾರೆ ಅಂದೆ. ಅವರಿಗೆ ಇನ್ನೂ ಪಾಪ ಅನ್ನಿಸ್ತು."

ಅತ್ತೆ ಪತ್ರಿಕೆಯ ಹಿಂದಿನಿಂದಲೇ, "ನನ್ನ ಕಾಯೋಕೆ ಪಾಳಿ ಹಾಕ್ಕೊಂಡಿದೀರಿ, ನಾನೇನು ಬ್ಯಾಂಕಾ?" ಎಂದರು. ತಮಾಷೆಯ ಮಾತೇ. ಆದರೆ ಆ ಪತ್ರಿಕೆಯ ಹಾಳೆ ಬಹಳ ಹೊತ್ತು ಮಗುಚಲಿಲ್ಲ. ಕೋಣೆಯೇ ನಮ್ಮ ಜೊತೆ ಬರುವಂತಿದ್ದರೆ ಎಂಬ ಯೋಚನೆ ಹೆಂಡತಿಗೆ ಬಂದದ್ದು ಆಗ.

ಹಳೆಯ ವ್ಯಾನು ಕೊಳ್ಳುವುದು ಹೇಗೆಂದು ನಮಗೆ ಯಾರೂ ಕಲಿಸಿರಲಿಲ್ಲ, ತಿರುಗಿಯೇ ಕಲಿತೆವು. ಮೊದಲು ನೋಡಿದ್ದು ಬೆಳ್ಳಗೆ ಹೊಳೆಯುತ್ತಿತ್ತು, ಒಳಗೆ ಮಲ್ಲಿಗೆಯೋ ನಿಂಬೆಯೋ ಯಾವುದೋ ಶೀಷೆಯ ಪರಿಮಳ. "ಇಷ್ಟು ಘಮಘಮ ಅಂದ್ರೆ ಎಲ್ಲೋ ಕೊಳೀತಿದೆ ಅಂತಾನೇ" ಎಂದು ಹೆಂಡತಿ ಕಿಟಕಿಯ ಕೆಳಗಿನ ಗೋಡೆಯನ್ನು ಹೆಬ್ಬೆರಳಿನಿಂದ ಒತ್ತಿದಳು. ಬೆರಳು ಬ್ರೆಡ್ಡಿಗಿಳಿದ ಹಾಗೆ ಇಳಿಯಿತು. ಚಾವಣಿಯ ಬೆಸುಗೆಯಿಂದ ನೀರು ಇಳಿದು ಹಲಗೆ ಒಳಗೊಳಗೇ ಹಿಟ್ಟಾಗಿತ್ತು. ಮಾರುವವನು ಆ ತೂತನ್ನು ನಾವೇ ತಂದೆವೇನೋ ಎಂಬಂತೆ ನೋಡಿದ. ಎರಡನೆಯದರಲ್ಲಿ ಮೇಜನ್ನು ಮಡಿಸಿ, ಬೆನ್ನೊರಗನ್ನು ಎಳೆದು, ಎಲ್ಲೋ ಒಂದು ಚಿಲಕ ಒತ್ತಿದರೆ ಮಂಚ. "ಮಲಗ್ಬೇಕು ಅಂದ್ರೆ ಊಟ ಮುಗಿಸ್ಬೇಕು, ಊಟ ಮಾಡ್ಬೇಕು ಅಂದ್ರೆ ಎದ್ದುಬಿಡ್ಬೇಕು. ಒಂದು ಮಗ್ಗಲು ಬದಲಾಯಿಸೋಕೆ ನಿಮ್ಮನ್ನೆಲ್ಲ ಕೇಳ್ಬೇಕು" ಎಂದು ಅತ್ತೆ ಇಳಿದೇಬಿಟ್ಟರು. ಹೀಗೆ ಮೂಸುತ್ತ, ಒತ್ತುತ್ತ, ಟೈರು ತೇಯದಿದ್ದರೂ ಬಿರುಕು ಬಿಟ್ಟಿದೆಯೇ ಎಂದು ಬಾಗಿ ನೋಡುತ್ತ, ಒಲೆಯ ಕೊಳವೆಗೆ ಸಾಬೂನು ನೀರು ಹಚ್ಚಿ ಗುಳ್ಳೆ ಬರುತ್ತದೆಯೇ ಎಂದು ಕಾಯುತ್ತ ನಮ್ಮ ಭಾನುವಾರಗಳು ಕಳೆದವು. ಹೊಳಪು ಕಂಡಲ್ಲೆಲ್ಲ ಅನುಮಾನ ಪಡುವ ಒಂದು ಕುಟುಂಬವಾಗಿ ನಾವು ಬೆಳೆದೆವು.

ಕೊನೆಗೆ ಸಿಕ್ಕಿದ್ದು ಒಬ್ಬ ದಂತವೈದ್ಯೆಯ ವ್ಯಾನು. ಹಿಂದೆ ಸಾಮಾನು ಸಾಗಿಸುತ್ತಿದ್ದ ಗಾಡಿ. ಆಕೆ ಮತ್ತು ಗಂಡ ಸೇರಿ ಒಳಗನ್ನು ಕಟ್ಟಿಕೊಂಡಿದ್ದರು. ಗಂಡ ತೀರಿಕೊಂಡ ಮೇಲೆ ಒಬ್ಬಳಿಗೆ ಓಡಿಸುವ ಮನಸ್ಸಿರಲಿಲ್ಲ. ಹೊರಗೆ ಬಣ್ಣ ಮಾಸಿದೆ, ಬಾಗಿಲ ಕೆಳಗೆ ತುಕ್ಕು. ಅದನ್ನು ಆಕೆಯೇ ಬೆರಳಿಟ್ಟು ತೋರಿಸಿದಳು. ಒಳಗೆ ಡ್ರಾಯರುಗಳು ನಿಶ್ಶಬ್ದವಾಗಿ ಮುಚ್ಚುತ್ತವೆ. ಮಂಚದಿಂದ ಬಾಗಿಲವರೆಗೆ, ಸೊಂಟದೆತ್ತರಕ್ಕೆ, ಎಲ್ಲೂ ತುಂಡಾಗದ ಒಂದು ಮರದ ಕೈಹಿಡಿ ಓಡುತ್ತದೆ. "ನಮ್ಮನೆಯವರು ಉದ್ದ, ತಲೆ ತಗ್ಗಿಸ್ಕೊಂಡೇ ಓಡಾಡೋರು, ಅದಕ್ಕೆ ಕಣ್ಣಿನ ಕೆಲಸ ಕೈಗೆ ಕೊಟ್ಟಿದ್ರು" ಎಂದಳು.

ನನ್ನ ಹೆಂಡತಿಗೆ ಪರೀಕ್ಷೆಯ ತನ್ನದೇ ಕ್ರಮವಿದೆ. ಮನೆಯಲ್ಲಿ ಯಾರ್ಯಾರು ಏನೇನು ಮಾಡುತ್ತಾರೋ ಅದನ್ನೇ ಅದರೊಳಗೆ ಎಲ್ಲರೂ ಒಟ್ಟಿಗೇ ಮಾಡಬೇಕು. ದಂತವೈದ್ಯೆಯ ಅಂಗಳದಲ್ಲಿ ನಿಂತ ವ್ಯಾನಿನಲ್ಲಿ ಅವಳು ಚಹಾ ಕಾಯಿಸಿದಳು, ಮಗಳು ಮಂಚದಡಿ ಅಡಗಿ ಯಾರೂ ಹುಡುಕದ್ದಕ್ಕೆ ಮುನಿಸಿಕೊಂಡಳು, ನಾನು ಪತ್ರಿಕೆ ಬಿಡಿಸಿದೆ, ನನ್ನ ಮೊಣಕೈ ಅವಳ ಚಹಾಕ್ಕೆ ತಗಲಿತು, ಜಗಳವಾಯಿತು. ಜಗಳವಾಡಲು ಸಾಕಾಗುವಷ್ಟು ಜಾಗ ಇದೆ ಎಂದು ಖಾತ್ರಿಯಾಯಿತು. ಅಷ್ಟರಲ್ಲಿ ಅತ್ತೆ ಮಂಚದ ಮೇಲೆ ಗೊರಕೆ ಹೊಡೆಯುತ್ತಿದ್ದರು. ನಾವೆಲ್ಲ ಅಂಗಳಕ್ಕಿಳಿದು ಮಾತಿಗೆ ನಿಂತೆವು. ಸ್ವಲ್ಪ ಹೊತ್ತಿಗೆ ಬಾಗಿಲು ತೆರೆಯಿತು. ಅತ್ತೆ, ಎಡಗೈಯನ್ನು ಕೈಹಿಡಿಯ ತುದಿಯ ಮೇಲಿಟ್ಟುಕೊಂಡು, ಮೆಟ್ಟಿಲಿಳಿದು ಬಂದರು. ದಂತವೈದ್ಯೆಯೂ ಸೇರಿ ನಾವು ನಾಲ್ವರೂ ಅತ್ತ ತಿರುಗಿದೆವು.

"ಯಾಕೆ, ಎಲ್ಲಾ ನನ್ನ ಮುಖ ನೋಡ್ತಿದೀರಿ? ಎದ್ದೆ, ಹೊರಗೆ ಬಂದೆ. ಅಷ್ಟೆ."

ಬೆಲೆ ನಿಶ್ಚಯವಾದದ್ದು ಆಗಲೇ ಮಾನ್ಯರೇ. ಮೊತ್ತ ಆಮೇಲೆ ಬಂತು. ಚೌಕಾಸಿ ಎಷ್ಟು ವಿಚಿತ್ರವಾಗಿತ್ತೆಂದರೆ, ದಂತವೈದ್ಯೆ ತುಕ್ಕನ್ನು ನೆನಪಿಸಿ ಇಳಿಸುತ್ತಿದ್ದಳು, ನನ್ನ ಹೆಂಡತಿ ಡ್ರಾಯರುಗಳನ್ನು ನೆನಪಿಸಿ ಏರಿಸುತ್ತಿದ್ದಳು.

ಇಲ್ಲಿ ನಮ್ಮ ಒಂದು ಘನಕಾರ್ಯವನ್ನೂ ಹೇಳಿಬಿಡಬೇಕು; ಇಲ್ಲದಿದ್ದರೆ ನಿಮ್ಮೊಬ್ಬರನ್ನೇ ನಗೆಗೀಡು ಮಾಡಿದ ಹಾಗಾಗುತ್ತದೆ. ಮುಂಗಡ ಕೊಟ್ಟು ಮನೆಗೆ ಬಂದು, ಹೆಂಡತಿಯ ತಮ್ಮನಿಗೆ ಫೋನಿನಲ್ಲಿ ಎಲ್ಲ ವರ್ಣಿಸಿದೆವು. ಅವನು ಪೂರ್ತಿ ಕೇಳಿಸಿಕೊಂಡು, "ಎಲ್ಲ ಸರಿ ಭಾವ, ಓಡ್ಸಿ ನೋಡಿದ್ರಾ?" ಎಂದ.

ನಾನು ಹೆಂಡತಿಯ ಮುಖ ನೋಡಿದೆ. ಅವಳು ಮಗಳ ಮುಖ ನೋಡಿದಳು.

"ಭಾವ? ಇದೀರಾ? ಇಂಜಿನ್ ಆದ್ರೂ ಇದೆಯೋ ಇಲ್ವೋ ನೋಡಿದ್ರಾ?"

ಚಹಾ ಕಾಯಿಸಿ, ಜಗಳವಾಡಿ, ನಿದ್ದೆ ಮಾಡಿ ಬಂದಿದ್ದೆವು, ಕೀಲಿ ತಿರುಗಿಸಿರಲಿಲ್ಲ. ಮರುದಿನ ಅವನನ್ನೇ ಕರೆದುಕೊಂಡು ಓಡಿದೆವು. ಬ್ಯಾಟರಿ ಸತ್ತಿತ್ತು, ಒಂದು ಬೆಲ್ಟು ಸವೆದಿತ್ತು. ಎರಡನ್ನೂ ಬದಲಿಸಿದ ಮೇಲೆ ಇಂಜಿನ್ನು ಕೆಮ್ಮಿ, ಗಂಟಲು ಸರಿಮಾಡಿಕೊಂಡು, ಒಂದೇ ಸಮನೆ ಹಾಡತೊಡಗಿತು. "ಪುಣ್ಯ ಮಾಡಿದೀರಿ, ಬುದ್ಧಿ ಖರ್ಚು ಮಾಡಿಲ್ಲ" ಎಂದ ಭಾವಮೈದುನ.

ನಾವು ಒಳಗನ್ನು ಮಾತ್ರ ನೋಡಿದೆವು. ನೀವು ಹೊರಗನ್ನು ಮಾತ್ರ ನೋಡಿದಿರಿ. ತಪ್ಪು ಒಂದೇ ಜಾತಿಯದು. ವ್ಯತ್ಯಾಸವೆಂದರೆ ನಮ್ಮ ತಪ್ಪನ್ನು ಒಬ್ಬ ಫೋನಿನಲ್ಲಿ ಎತ್ತಿ ತೋರಿಸಿದ, ನಾವು ಹಿಂದಿರುಗಿ ಹೋಗಿ ನೋಡಿದೆವು. ನಿಮ್ಮದಕ್ಕೆ ಮೊಹರು ಬಿದ್ದಿದೆ.

ಆ ದಿನ ನಿಮ್ಮ ಕಚೇರಿಯ ಹಿಂದಿನ ಅಂಗಳಕ್ಕೆ ನಾವು ನಾಲ್ವರೂ ಬಂದದ್ದು ನಮ್ಮ ಇನ್ನೊಂದು ಬೆಪ್ಪುತನ. ತಪಾಸಣೆಗೆ ಯಾರಾದರೂ ಸಂಸಾರ ಸಮೇತ ಬರುತ್ತಾರೆಯೇ? ಆದರೆ ಎಲ್ಲರೂ ಒಟ್ಟಿಗೆ ಹೊರಡಲೆಂದೇ ಕೊಂಡ ಗಾಡಿ. ನಿಮ್ಮಲ್ಲಿಗೆ ಬರುವುದೂ ಒಂದು ಪ್ರಯಾಣವೇ ಎಂದು ಮಗಳು ಟೋಪಿ ಹಾಕಿಕೊಂಡಿದ್ದಳು. ನೀವು ವ್ಯಾನನ್ನು ಒಂದು ಸುತ್ತು ಹಾಕಿದಿರಿ, ತುಕ್ಕನ್ನು ಪೆನ್ನಿನ ತುದಿಯಿಂದ ಕೆರೆದಿರಿ, ತಟ್ಟಿದಿರಿ. ನೀವು ತಟ್ಟಿದ್ದನ್ನು ಅತ್ತೆ ಬಾಗಿಲು ಬಡಿದದ್ದೆಂದೇ ತಿಳಿದರು. ಬಾಗಿಲು ತೆರೆದು, "ಬನ್ನಪ್ಪ ಒಳಗೆ, ಚಪ್ಪಲಿ ಮಾತ್ರ ಅಲ್ಲೇ ಬಿಡಿ" ಎಂದರು.

ನೀವು ಹೆಜ್ಜೆ ಹಿಂದಿಟ್ಟಿರಿ. "ಇದೇನ್ರೀ, ಸಾಮಾನು ಗಾಡೀಲಿ ಮನೆ ಮಾಡ್ಕೊಂಡಿದೀರಲ್ಲ!"

"ಹಾಗೇ ಮಾರಿದ್ರು ಸಾರ್" ಎಂದೆ.

"ದಾಖಲೇಲಿ ಖಾಲಿ ಗಾಡಿ ಅಂತಿದೆ. ಖಾಲಿನೇ ಇರ್ಬೇಕು."

ಅಷ್ಟು ವರ್ಷಗಳಿಂದ ಅದೇ ಮಂಚ, ಅದೇ ಒಲೆ ಹೊತ್ತುಕೊಂಡೇ ಆ ವ್ಯಾನು ನಿಮ್ಮ ಅಂಗಳಕ್ಕೆ ಬಂದುಹೋಗುತ್ತಿತ್ತಂತೆ. ಪ್ರತಿ ಸಲವೂ ನಿಮ್ಮ ಕಚೇರಿ ಅದನ್ನು ಒಳ್ಳೆಯ ಖಾಲಿ ಗಾಡಿ ಎಂದು ಹರಸಿ ಕಳಿಸುತ್ತಿತ್ತು. ಅಂದರೆ ಕಾಣದಿರುವವರೆಗೆ ಎಲ್ಲವೂ ಕಾನೂನುಬದ್ಧ. ಒಬ್ಬ ವಯಸ್ಸಾದ ಹೆಂಗಸು ಒಳಗೆ ಬನ್ನಿ ಎಂದ ಕೂಡಲೇ ಅಪರಾಧ. ಇದನ್ನು ಹೀಗಳೆಯುತ್ತಿಲ್ಲ, ನನಗಿದು ನಿಜಕ್ಕೂ ಕುತೂಹಲದ ವಿಷಯ. ನನ್ನ ಅಂಗಡಿಗೆ ಬರುವ ಕೆಲವರಿಗೆ ದೂರದ ಫಲಕ ಸೊಗಸಾಗಿ ಕಾಣುತ್ತದೆ, ಕೈಯಲ್ಲಿರುವ ಕಾಗದ ಮಾತ್ರ ಮಸಕು. ಇವರಿಗೆ ಕನ್ನಡಕ ಕೊಡಬಹುದು. ಕೈಯಲ್ಲಿರುವ ಕಾಗದ ಸೊಗಸಾಗಿ ಕಂಡು, ಎದುರು ಬಾಗಿಲು ತೆರೆದು ನಿಂತವರು ಮಸಕಾದರೆ ಯಾವ ಗಾಜು ಕೊಡಬೇಕೋ ನನಗೆ ತಿಳಿಯದು.

ಆಮೇಲೆ ಕಿಟಕಿಯ ಹಿಂದೆ ಕೂತು, ಗುಜರಿಯ ಬೆಲೆ ಬರೆದು, ಕಿತ್ತರಾಯಿತು ಎಂದಿರಿ. ಆ ಕೈಹಿಡಿಯನ್ನು ಗಾಡಿಯ ಮೈಗೇ ಬೋಲ್ಟು ಹಾಕಿ, ಅಂಟು ಸುರಿದು ಕೂರಿಸಿದ್ದಾರೆ. ಕಿತ್ತರೆ ಅದು ಚೂರಾಗಿ ಬರುತ್ತದೆ, ಮತ್ತೆ ಕೂರುವುದಿಲ್ಲ. ಉಳಿಯುವ ಖಾಲಿ ಡಬ್ಬಿಗೆ ನೀವು ಕಟ್ಟಿದ ಬೆಲೆ ಸರಿಯಾಗಿಯೇ ಇರುತ್ತದೆ, ಒಪ್ಪಿದೆ. ಕೆಲವು ಅಂದಾಜುಗಳು ಹೀಗೆ, ತಾವು ನಿಜವಾಗುವವರೆಗೆ ವಸ್ತುವನ್ನು ಹಾಳುಮಾಡುತ್ತವೆ. ಆದರೆ ನನಗೆ ಆ ಡಬ್ಬಿಯಿಂದ ಏನಾಗಬೇಕು? ನಾನು ಸಾಗಿಸಬೇಕಾದ ಸಾಮಾನು ಇಲ್ಲ. ನಮ್ಮ ಮನೆಯ ಮುಂದೆ ನಿಂತಿರುವ ಆ ವ್ಯಾನಿಗೆ ಈಗ ಅತ್ತೆ ಹಗಲು ಹೋಗಿ ಪತ್ರಿಕೆ ಓದಿ ಬರುತ್ತಾರೆ. ಬಾಗಿಲನ್ನು ಅವರು ಹುಡುಕುವುದಿಲ್ಲ. ಅವರ ಕೈಗೆ ಅದು ಪಾಠವಾಗಿದೆ. ಮನೆಯೊಳಗೆ ಇತ್ತೀಚೆಗೆ ಒಮ್ಮೊಮ್ಮೆ ಅಡುಗೆಮನೆಯ ಬಾಗಿಲಲ್ಲಿ ಅರೆಕ್ಷಣ ನಿಲ್ಲುತ್ತಾರೆ. ಇದನ್ನು ನಾವು ಯಾರೂ ಒಬ್ಬರಿಗೊಬ್ಬರು ಹೇಳಿಕೊಂಡಿಲ್ಲ. ನಿಮಗೆ ಹೇಳುತ್ತಿದ್ದೇನೆ, ಏಕೆಂದರೆ ನಿಮ್ಮ "ಆಮೇಲೆ ನೋಡೋಣ"ಕ್ಕೆ ಇರುವಷ್ಟು ಸಮಯ ಅವರ ಕೈಗೆ ಇದೆಯೋ ಇಲ್ಲವೋ.

ಆದ್ದರಿಂದ ನನ್ನ ಬೇಡಿಕೆ. ದಾಖಲೆಯಲ್ಲಿ ಬದಲಾಯಿಸಲು ದಾರಿ ಇದೆ: ವಾಸಕ್ಕೆ ಅಳವಡಿಸಿದ ವಾಹನ ಎಂದು ಬರೆಯಲು ಅಧಿಕಾರಿ ಒಳಭಾಗವನ್ನು ಖುದ್ದಾಗಿ ಪರಿಶೀಲಿಸಬೇಕು ಎಂದು ನಿಮ್ಮ ಕಚೇರಿಯ ಗೋಡೆಯ ಮೇಲೆಯೇ ಅಂಟಿಸಿದ್ದೀರಿ. "ಹಳೇ ಗಾಡಿಗೆ ಅದೆಲ್ಲ ಯಾಕೆ" ಎಂದು ನೀವಂದದ್ದು ಮಾತ್ರ ಆ ಗೋಡೆಯ ಮೇಲಿಲ್ಲ. ಮಗಳ ರಜೆ ಶುರುವಾಗುವ ಮೊದಲು ಬನ್ನಿ. ಒಲೆಯ ಕೊಳವೆ, ಚಾವಣಿಯ ಬೆಸುಗೆ, ಬೋಲ್ಟುಗಳನ್ನೆಲ್ಲ ಒತ್ತಿ, ಎಳೆದು, ಮೂಸಿ ನೋಡಿ. ಅಪಾಯವಿದ್ದರೆ ಹೇಳಿ, ಸರಿಪಡಿಸುತ್ತೇವೆ. ಆಮೇಲೆ ಬಾಗಿಲು ಮುಚ್ಚಿ ಸ್ವಲ್ಪ ಹೊತ್ತು ಕೂತುಕೊಳ್ಳಿ. ಎದ್ದು ಬಂದ ಮೇಲೂ ಗುಜರಿ ಎಂದೇ ಅನ್ನಿಸಿದರೆ ಹಾಗೆಯೇ ಬರೆಯಿರಿ. ನಾನು ಬಾಗಿ ಕಿವಿ ಕೊಡುತ್ತೇನೆ, ಬಾಯಿ ಎತ್ತುವುದಿಲ್ಲ.

ಅಲ್ಲಿಯವರೆಗೆ ಒಂದೇ ಒಂದನ್ನು ತಿಳಿಯುವ ಆಸೆ. ಇದು ದೂರಿನ ಭಾಗವಲ್ಲ, ಉತ್ತರಿಸಲೇಬೇಕೆಂದೂ ಇಲ್ಲ. ನಿಮ್ಮ ಮನೆಯವರು ಪ್ರವಾಸಕ್ಕೆ ಹೊರಟಾಗ, ಚೀಲಗಳೆಲ್ಲ ಹೊರಗೆ ಹೋಗಿ, ಗಾಡಿ ತಿರುವಿನಲ್ಲಿ ಮರೆಯಾದ ಮೇಲೆ, ಬಾಗಿಲು ಹಾಕಿಕೊಂಡು ಒಳಗೆ ಉಳಿಯುವವರು ಯಾರು, ಮಾನ್ಯರೇ?

ಇಂತಿ,
ಈ ರಜೆಗೆ ಯಾರು ಉಳಿಯಬೇಕೆಂದು ಇನ್ನೂ ಹೆಂಡತಿಯನ್ನು ಕೇಳದಿರುವ
ಒಬ್ಬ ಕನ್ನಡಕದಂಗಡಿಯವನು