ಸೂರ್ಯನ ಮೇಲಿನ ಚುಕ್ಕೆ

ಫೆಬ್ರವರಿ ೨೧, ಭಾನುವಾರ ಮಧ್ಯಾಹ್ನ

ನನ್ನ ಗುಬ್ಬಿಗೆ, ಅಕ್ಕನ ಪ್ರೀತಿಯ ಆಶೀರ್ವಾದಗಳು.

ನಿನ್ನ ಮೂರು ಪತ್ರಗಳೂ ಬಂದಿವೆ. ಮೂರಕ್ಕೂ ಸೇರಿಸಿ ಇದೊಂದು. ಬೇಕಾದಷ್ಟು ಬೈದುಕೋ, ಆದರೆ ಪೂರ್ತಿ ಓದು. ಅಂಗಡಿಯಲ್ಲಿ ಕೆಲಸ ಮೈಮೇಲೆ ಬಿದ್ದಿತ್ತು. ನಾನು ಚೆನ್ನಾಗಿದ್ದೇನೆ. ಮೆಟ್ಟಿಲು ಕಂಡರೆ ಮಾತ್ರ ಮಂಡಿ ತಕರಾರು ಮಾಡುತ್ತದೆ. ಆದರೂ ವಾರಕ್ಕೊಮ್ಮೆ ನಾಲ್ಕು ಮಹಡಿ ಹತ್ತುತ್ತಿದ್ದೇನೆ. ಯಾಕೆ ಅಂತ ಹೇಳಿದರೆ ನಗಬಾರದು: ನಾನು ಖಗೋಳ ವೀಕ್ಷಕರ ಸಂಘ ಸೇರಿದ್ದೇನೆ!

ನಮ್ಮ ಟೈಲರ್ ಅಂಗಡಿಯ ಎದುರಿನ ಹಲ್ಲಿನ ಡಾಕ್ಟರಮ್ಮ ನವೆಂಬರಿನಲ್ಲಿ ಒಂದು ಗಂಟು ಕಪ್ಪು ಬಟ್ಟೆ ತಂದು, "ಟೆಲಿಸ್ಕೋಪಿಗೆ ಒಂದು ಮುಸುಕು ಹೊಲಿದುಕೊಡ್ತೀರಾ?" ಎಂದರು. ಅದನ್ನು ಅಂಗಡಿಗೆ ಕರೆಸಿ ಅಳತೆ ತೆಗೆಯಲು ಆಗುತ್ತದೆಯೇ? ಟೇಪು ಹಿಡಿದು ಅವರ ತಾರಸಿಗೆ ನಾನೇ ಹೋದೆ.

ನಕ್ಷತ್ರ ನೋಡುವವರು ನಿದ್ದೆಗೆಟ್ಟು ಕೂರುತ್ತಾರೆ ಎಂದುಕೊಂಡಿದ್ದೆ. ಆ ತಾರಸಿಯಲ್ಲಿ ಸೇರುವ ಈ ಸಂಘದವರು ಹಗಲಿನ ಜನ. ಭಾನುವಾರ ಬೆಳಿಗ್ಗೆ ಹತ್ತಕ್ಕೆ ಸೇರಿ ಸೂರ್ಯನನ್ನು ನೋಡುತ್ತಾರೆ. ಕೊಳವೆಗೆ ಯಾರೂ ಕಣ್ಣಿಡುವುದಿಲ್ಲ, ಇಟ್ಟರೆ ಕಣ್ಣು ಹೋದಂತೆಯೇ. ಬಿಳಿ ರಟ್ಟಿನ ಮೇಲೆ ಬಿಂಬ ಬೀಳಿಸುತ್ತಾರೆ. ರಟ್ಟಿಗೆ ನೆರಳಿರಲಿ ಅಂತ ಮುಸುಕು. ಹೊಲಿದುಕೊಟ್ಟ ದಿನ ಅದರೊಳಗೆ ತಲೆ ತೂರಿಸಿದೆ. ಅಂಗೈಯಗಲದ ಸೂರ್ಯ, ಅದರ ಮೇಲೆ ಮೂರು ಕಪ್ಪು ಚುಕ್ಕೆ.

"ಸುಟ್ಟುಹೋಗಿದೆಯಾ ಅಲ್ಲಿ?" ಎಂದು ಕೇಳಿದೆ.

"ಇಲ್ಲ, ಅಲ್ಲಿ ಸುತ್ತಮುತ್ತಕ್ಕಿಂತ ಬಿಸಿ ಕಮ್ಮಿ. ಅದಕ್ಕೇ ಕಪ್ಪಗೆ ಕಾಣತ್ತೆ. ಆ ದೊಡ್ಡದಿದೆಯಲ್ಲ, ಅದರೊಳಗೆ ನಮ್ಮ ಭೂಮಿನೇ ಹಿಡಿಸತ್ತೆ," ಎಂದರು ಡಾಕ್ಟರಮ್ಮ.

ಆ ವಾರವಿಡೀ ಯಾವ ಗುಂಡಿ ಹೊಲಿದರೂ ಅದೇ ನೆನಪು. ಮುಂದಿನ ಭಾನುವಾರ ನಾನಾಗಿಯೇ ಹೋಗಿ ಸದಸ್ಯೆಯಾಗುತ್ತೇನೆ ಎಂದೆ. ಅರ್ಜಿಯಲ್ಲಿ ವಿದ್ಯಾಭ್ಯಾಸ ಎಂಬಲ್ಲಿ ಪೆನ್ನು ನಿಂತುಬಿಟ್ಟಿತು. ಡಾಕ್ಟರಮ್ಮ ಅದನ್ನು ನೋಡಿಯೂ ನೋಡದವರಂತೆ, "ಅದಿರಲಿ, ಕಣ್ಣು ಹೇಗಿದೆ?" ಎಂದರು. "ಕಾಜಾ ಹೊಲಿಯೋ ಕಣ್ಣು," ಎಂದೆ. ಅಂದಿನಿಂದ ರಟ್ಟಿನ ಮೇಲೆ ಹಾಳೆ ಅಂಟಿಸಿ, ಕಂಡ ಚುಕ್ಕೆಗಳನ್ನೆಲ್ಲ ಪೆನ್ಸಿಲಿನಲ್ಲಿ ಗುರುತು ಮಾಡುವ ಕೆಲಸ ನನ್ನದು.

ಸಂಘದ ಅಧ್ಯಕ್ಷರು ನಿವೃತ್ತ ಗಣಿತದ ಮೇಷ್ಟ್ರು. ನಾನು ಮನಸ್ಸಿನಲ್ಲೇ ಅವರಿಗೆ ಗುಂಡುಸೂಜಿ ಎಂದು ಹೆಸರಿಟ್ಟಿದ್ದೇನೆ. ಎಲ್ಲಿ ತಪ್ಪಿದೆಯೋ ಅಲ್ಲಿ ಚುಚ್ಚುತ್ತಾರೆ. ಹೋದ ಭಾನುವಾರ ನಾನು ಅಂಚಿನಲ್ಲಿ ಒಂದು ಸಾಸಿವೆಯಷ್ಟು ಚುಕ್ಕೆ ಗುರುತು ಮಾಡಿದ್ದೆ.

"ಇದೇನಿದು? ಲೆನ್ಸಿನ ಮೇಲಿನ ಧೂಳು. ಅಳಿಸಿಬಿಡಿ," ಎಂದರು.

ರಬ್ಬರು ಕೈಗೆ ತಗೊಂಡೆ. ತಗೊಂಡವಳು ಹಾಗೇ ನಿಂತೆ. ಕಲೆ ಬಟ್ಟೆಯದೋ ಕನ್ನಡಕದ್ದೋ ಎಂದು ಅನುಮಾನ ಬಂದರೆ ನಾನು ಬಟ್ಟೆಯನ್ನು ಸ್ವಲ್ಪ ಎಳೆದು ನೋಡುತ್ತೇನೆ. ಅದನ್ನೇ ಹೇಳಿದೆ: "ಸಾರ್, ಕೊಳವೆ ಒಂಚೂರು ಅಲ್ಲಾಡಿಸಿ. ಧೂಳಾದ್ರೆ ಇದ್ದಲ್ಲೇ ಇರತ್ತೆ. ಸೂರ್ಯಂದಾದ್ರೆ ಅವನ ಜೊತೆನೇ ಹೋಗತ್ತೆ."

ಮೇಷ್ಟ್ರು ನನ್ನನ್ನೊಮ್ಮೆ ದಿಟ್ಟಿಸಿ, ಕೊಳವೆ ಅಲ್ಲಾಡಿಸಿದರು. ಸೂರ್ಯ ಜರುಗಿದ. ಚುಕ್ಕೆಯೂ ಅವನ ಜೊತೆಗೇ ಜರುಗಿತು. ಮತ್ತೊಮ್ಮೆ ಅಲ್ಲಾಡಿಸಿದರು. ಆಮೇಲೆ ನನ್ನ ಕೈಯಿಂದ ರಬ್ಬರು ತೆಗೆದು ಜೇಬಿಗೆ ಹಾಕಿಕೊಂಡು, "ತಪ್ಪು ನನ್ನದೇ. ಗಟ್ಟಿಯಾಗಿ ಗುರುತು ಮಾಡಿಮ್ಮ," ಎಂದರು.

ಇವತ್ತು ಹೋಗಿ ನೋಡಿದರೆ ಆ ಚುಕ್ಕೆ ಅಂಚು ಬಿಟ್ಟು ನಡುವಿಗೇ ಬಂದಿದೆ, ಪಕ್ಕದಲ್ಲಿ ಎರಡು ಮರಿ ಬೇರೆ! ಮಂಡಿ ನೋವನ್ನೂ ಮರೆತು ಮೆಟ್ಟಿಲಿಳಿದು ಬಂದೆ, ಗುಬ್ಬಿ. ಬಂದವಳೇ ಇದನ್ನು ಬರೆಯಲು ಕೂತೆ.

ಮಗಳ ಕೆಮ್ಮು ಕಡಿಮೆಯಾಯಿತೇ? ನಿಮ್ಮ ಮನೆಯವರಿಗೆ ಹೊಸ ಕೆಲಸ ಒಗ್ಗಿತೇ? ಎಲ್ಲರೂ ನಗುನಗುತ್ತಾ ಇರಿ, ನನಗೆ ಅಷ್ಟು ಸಾಕು.

ಇತಿ ನಿನ್ನ
ಅಕ್ಕ

ಮರೆತು ಬಿಟ್ಟದ್ದಲ್ಲ, ಹೇಳಲಾರದೆ ಕೊನೆಗಿಟ್ಟದ್ದು: ಕೆಲಸ ಹೆಚ್ಚಿತ್ತು ಎಂದದ್ದು ಸುಳ್ಳು. ಸೆಪ್ಟೆಂಬರಿನಲ್ಲಿ ನಾನು ನಿನ್ನ ಮನೆಗೆ ಬಂದಾಗ ನೀನು ಪಾಠ ಮಾಡುವ ಕಾಲೇಜಿನವರು ಊಟಕ್ಕೆ ಬಂದಿದ್ದರು. ಶಾಲೆ ಮಕ್ಕಳಿಗೆ ಸಮವಸ್ತ್ರ ಬೇಕೋ ಬೇಡವೋ ಎಂದು ಅವರಲ್ಲಿ ವಾದ ಹತ್ತಿತ್ತು. ಒಬ್ಬರು ನನ್ನ ಕಡೆ ತಿರುಗಿ, "ನೀವೇನಂತೀರಿ?" ಎಂದರು. ನಾನು ಬಾಯಿ ತೆರೆಯುವ ಮೊದಲೇ ನೀನು, "ಅಯ್ಯೋ, ನಮ್ಮಕ್ಕಂಗೆ ಇದೆಲ್ಲ ತಿಳಿಯಲ್ಲ, ಬಿಡಿ," ಎಂದೆ. ಮೂವತ್ತು ವರ್ಷ ಸಮವಸ್ತ್ರ ಹೊಲಿದವಳು ನಾನು. ನನ್ನನ್ನು ಪೇಚಿನಿಂದ ಪಾರು ಮಾಡಲೆಂದೇ ನೀನು ಹಾಗೆಂದೆ, ಗೊತ್ತು. ಎಲ್ಲರ ಜೊತೆ ನಾನೂ ನಕ್ಕೆ. ಆದರೆ ಆಮೇಲೆ ನಿನಗೆ ಬರೆಯಲು ಕೂತಾಗಲೆಲ್ಲ ಕೈ ಏಳಲಿಲ್ಲ. ಈಗ ಸಿಟ್ಟಿಲ್ಲ. ಇನ್ನು ಮೇಲೆ ಯಾರಾದರೂ ನನ್ನನ್ನು ಏನಾದರೂ ಕೇಳಿದರೆ ಒಂದು ಗಳಿಗೆ ಸುಮ್ಮನಿರು, ಗುಬ್ಬಿ. ತಪ್ಪೋ ಸರಿಯೋ, ನಾನೇ ಹೇಳುತ್ತೇನೆ.