ಲೆಕ್ಕದ ದಿನದ ಹೊಟ್ಟೆನೋವು

ಅಮ್ಮಾ,

ಇಲ್ಲಿ ಎಲ್ಲರ ಹೊಟ್ಟೆಯೂ ನೆಟ್ಟಗಿದೆ. ಮೊಮ್ಮಗಳಿಗೆ ಶಾಲೆಯಲ್ಲಿ ಲೆಕ್ಕ ಶುರುವಾಯಿತು ಅಂತ ಕೇಳಿ ನೀನು ಕಳಿಸಿದ ಹೊಟ್ಟೆನೋವಿನ ಪುಡಿ ತಲುಪಿತು.

ಲೆಕ್ಕದ ಪೀರಿಯಡ್ ಇದ್ದ ದಿನ ನನಗೆ ಹೊಟ್ಟೆ ಹಿಡಿದುಕೊಳ್ಳುತ್ತಿದ್ದದ್ದನ್ನು ನೀನು ಮರೆತಿಲ್ಲ. ಬೋರ್ಡಿನ ಮುಂದೆ ನಿಲ್ಲಿಸಿ, ಇಡೀ ಕ್ಲಾಸು ನಗುವವರೆಗೂ ಮೇಷ್ಟ್ರು ನನ್ನನ್ನು ಬಿಡುತ್ತಿರಲಿಲ್ಲ. ಇವಳಿಗೂ ಅದೇ ಗತಿಯೇನೋ ಅಂತ ನಿನ್ನೆ ಊಟದ ಡಬ್ಬಿಯ ನೆಪ ಮಾಡಿಕೊಂಡು ಶಾಲೆಗೆ ಹೋಗಿ, ಕಿಟಕಿಯ ಹೊರಗೆ ನಿಂತೆ.

"ಟೀಚರ್, ಅಲ್ಲಿ ತಪ್ಪು ಮಾಡಿದ್ರಿ!" ಅಂತ ನಿನ್ನ ಮೊಮ್ಮಗಳು ಕೂಗಿದಳು. ಕ್ಲಾಸು ಗೊಳ್ಳೆಂದು ನಕ್ಕಿತು. ನಾನು ಕಿಟಕಿಯ ಸರಳಿಗೆ ಮುಖ ಒತ್ತಿದೆ. ನೋಡಿದರೆ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವರು ಟೀಚರೇ! ದಿನಾ ಒಂದು ತಪ್ಪನ್ನು ಬೇಕಂತಲೇ ಬೋರ್ಡಿನ ಮೇಲೆ ಬರೆಯುತ್ತಾರಂತೆ, ಅದನ್ನು ಹಿಡಿದವರ ಕೈಗೆ ಸೀಮೆಸುಣ್ಣ ಕೊಡುತ್ತಾರಂತೆ. ಇವಳು ಕುಣಿಯುತ್ತಾ ಹೋಗಿ ತಿದ್ದಿದಳು. ಕೂಡುವಾಗ ಕೈಯಲ್ಲಿ ಉಳಿದ ದಶಕ ಸೇರಿಸುವುದನ್ನೇ ಬಿಟ್ಟಿದ್ದರು, ಅಮ್ಮಾ. ನನಗೂ ಕಾಣಿಸಿತ್ತು. ಕಿಟಕಿಯಾಚೆ ನನ್ನ ಕೈಯೂ ಮೇಲೆದ್ದಿತ್ತು.

ಇನ್ನು ಪುಡಿ ಕಳಿಸಬೇಡ. ಅದು ಬರೀ ಸಕ್ಕರೆ ಅಂತ ನನಗೆ ಚಿಕ್ಕವಳಿದ್ದಾಗಲೇ ಗೊತ್ತಿತ್ತು. ಆದರೂ ನೀನು ಕೊಟ್ಟರೆ ನೋವು ಹೋಗುತ್ತಿತ್ತು. ಈ ಸಲದ್ದನ್ನು ಚಹಾಕ್ಕೆ ಹಾಕಿ ಕುಡಿದೆ.

ನಿನ್ನ ಮಗಳು